ಟಾಕೀಸಿನ ಹಳೇ ಇಗ್ನೈಟರ್

ಮಂಡ್ಯದ ಹತ್ತಿರ ಮುಚ್ಚಿಹೋದ ಒಂದು ಟಾಕೀಸಿನ ಪ್ರೊಜೆಕ್ಟರ್ ಈಗ ನಮ್ಮ ಶೆಡ್‌ನಲ್ಲಿದೆ. ನನಗೆ ಅದಕ್ಕಿಂತ ಇಷ್ಟವಾಗಿದ್ದು ಅದರ ಝೆನಾನ್ ದೀಪ ಹೊತ್ತಿಸುವ ಇಗ್ನೈಟರ್ ಡಬ್ಬಿ.

ಈ ದೀಪದಲ್ಲಿ ಫಿಲಮೆಂಟ್ ಇರುವುದಿಲ್ಲ. ಎರಡು ಟಂಗ್‌ಸ್ಟನ್ ತುದಿ, ಮಧ್ಯೆ ಕೆಲವೇ ಮಿಲಿಮೀಟರ್ ಜಾಗ, ಸುತ್ತ ಒತ್ತಿ ತುಂಬಿದ ಝೆನಾನ್ ಗ್ಯಾಸು. ಒಮ್ಮೆ ಹೊತ್ತಿಕೊಂಡರೆ 20-30 ವೋಲ್ಟ್ ಡಿಸಿ ಸಾಕು, ಆಂಪಿಯರ್ ಮಾತ್ರ ಜಾಸ್ತಿ. ಆದರೆ ಮೊದಲ ಕಿಡಿಗೆ 20,000 ವೋಲ್ಟ್‌ಗೂ ಮೀರಿದ ಪೆಟ್ಟು ಬೇಕಲ್ವಾ, ಅದಕ್ಕೇ ಡಬ್ಬಿಯೊಳಗೆ ಟ್ರಾನ್ಸ್‌ಫಾರ್ಮರ್ ಚಾರ್ಜ್ ಕೂಡಿಡುವ ಕೆಪಾಸಿಟರನ್ನು ತುಂಬಿಸುತ್ತದೆ, ಸ್ಪಾರ್ಕ್ ಗ್ಯಾಪ್ (ಕಿಡಿ ಹಾರುವ ಎರಡು ತುದಿಗಳ ಸಂದು) ಸಿಡಿಯುತ್ತದೆ, ಆ ಹೊಡೆತ ಕಾಯಿಲ್‌ನಲ್ಲಿ ಹೆಚ್ಚಾಗಿ ದೀಪಕ್ಕೆ ಹೋಗುತ್ತದೆ.

ನಮ್ಮದು ಸುಮ್ನೆ ಗುಂಯ್ ಅನ್ನುತ್ತಿತ್ತು, ಕಿಡಿ ಇಲ್ಲ. ಮೊದಲು ಕೆಪಾಸಿಟರನ್ನು ರೆಸಿಸ್ಟರ್ ಕಟ್ಟಿದ ಕೋಲಿನಿಂದ ಖಾಲಿ ಮಾಡಿದೆ. ಸ್ವಿಚ್ ಆಫ್ ಇದೆ ಅಂತ ಕೈ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಗ್ಯಾಪ್‌ನ ತುದಿಗಳು ಕಪ್ಪಾಗಿ ಗುಳಿ ಬಿದ್ದಿದ್ದವು. ನಯವಾದ ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ, ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಇಟ್ಟು ಅಂತರ ಹೊಂದಿಸಿದೆ. ಅಂತರ ಜಾಸ್ತಿ ಆದರೆ ಸಿಡಿಯುವುದೇ ಇಲ್ಲ, ಕಮ್ಮಿ ಆದರೆ ಹೊಡೆತಕ್ಕೆ ಜೋರಿಲ್ಲ.

ನಿಜವಾದ ಕಳ್ಳ ಕಾಯಿಲ್ ಮೇಲಿತ್ತು: ಕೂದಲೆಳೆಯಂಥ ಕಪ್ಪು ಗೆರೆ. ಕರೆಂಟು ಆ ದಾರಿ ಹಿಡಿದು ಡಬ್ಬಿಯ ಲೋಹದ ಚಾಸಿಗೆ ಇಳಿಯುತ್ತಿತ್ತು. ಕೆರೆದು, ಸ್ಪಿರಿಟ್‌ನಲ್ಲಿ ಒರೆಸಿ, ಮೋಟಾರ್ ವೈಂಡಿಂಗ್ ಅಂಗಡಿಯ ವಾರ್ನಿಶ್ ಬಳಿದು ಒಣಗಿಸಿದೆ.

ಬಟನ್ ಒತ್ತಿದರೆ ಚಟಾರ್! ಪಕ್ಕದ ಮನೆ ರೇಡಿಯೋ ಕೂಡ ಕರ್ ಅಂತು. ದೀಪ ಮಾತ್ರ ಇನ್ನೂ ಹಾಕಿಲ್ಲ. ತಣ್ಣಗಿದ್ದರೂ ಒಳಗೆ ಒತ್ತಡ ಇರುತ್ತದೆ, ಮುಖಕ್ಕೆ ಶೀಲ್ಡ್ ಇಲ್ಲದೆ ಮುಟ್ಟುವ ಹಾಗಿಲ್ಲ. ದೀಪಕ್ಕೆ ಡಿಸಿ ಕೊಡುವ ರೆಕ್ಟಿಫೈಯರ್‌ನ ಡಯೋಡೂ ಮೈಸೂರಿನಿಂದ ಬರಬೇಕು.