ಕೋಲಾರದ ಕೆರೆಗೆ ಬಂದ ಬೆಂಗಳೂರಿನ ನೀರು

ನಮ್ಮ ಕೋಲಾರ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ನದಿ ಒಂದೂ ಇಲ್ಲ. ಹಿರಿಯರು ಕೆರೆ ಕಟ್ಟಿ ಬದುಕಿದರು. ನಾವು ಬೋರ್‌ವೆಲ್ ಕೊರೆದು ಕೊರೆದು ಸಾವಿರ ಅಡಿ ದಾಟಿದೆವು. ಎಷ್ಟೋ ಊರುಗಳಲ್ಲಿ ಆ ನೀರಲ್ಲಿ ಫ್ಲೋರೈಡ್ ಜಾಸ್ತಿ.

2018ರಲ್ಲಿ ಕೆ.ಸಿ. ವ್ಯಾಲಿ (ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆ) ನೀರು ಬಂತು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ, ದಿನಕ್ಕೆ 44 ಕೋಟಿ ಲೀಟರ್‌ವರೆಗೆ ಪೈಪ್‌ನಲ್ಲಿ ತಂದು ಕೆರೆ ತುಂಬಿಸುವ ಯೋಜನೆ. ಮೊದಲು ತುಂಬಿದ್ದು ಲಕ್ಷ್ಮೀಸಾಗರ ಕೆರೆ. ಸ್ವಲ್ಪ ದಿನದಲ್ಲೇ ನೊರೆ ಕಾಣಿಸಿತು, ಕೋರ್ಟ್ ತಡೆಯೂ ಬಂತು. ಆಮೇಲೆ ತಡೆ ತೆರವಾಗಿ ನೀರು ಮತ್ತೆ ಹರಿಯಿತು.

ನಮ್ಮ ತೋಟದ ಹಳೇ ಬಾವಿಗೆ ಮುಳ್ಳುಕಂಟಿ ತುಂಬಿಬಿಟ್ಟಿದ್ದೆವು. ಈಗ ಅದರ ಕಲ್ಲಿನ ಸಂದಿಯಿಂದ ನೀರು ಒಸರುತ್ತದೆ. ಟೊಮೆಟೊ ಸಾಲಿಗೆ ಹಾಯಿಸುವಾಗ ನಿಜಕ್ಕೂ ಖುಷಿಯಾಗುತ್ತದೆ. ಆದರೆ ಕುಡಿಯೋಕೆ ಮಕ್ಕಳಿಗೆ ಇದೇ ನೀರು ಕೊಡಲು ಕೈ ಬರುವುದಿಲ್ಲ.

ನಿಯಮದ ಪ್ರಕಾರ ಕೆರೆಗೆ ಮೋಟಾರ್ ಇಡುವಂತಿಲ್ಲ, ನೀರು ನೆಲಕ್ಕೆ ಇಂಗಬೇಕು. ಸರಿಯೇ. ಆದರೆ ಇಂಗಿದ್ದು ಕೊನೆಗೆ ನಮ್ಮ ಬಾವಿ, ಬೋರ್‌ವೆಲ್‌ಗೇ ತಾನೇ ಬರೋದು? ಹಾಗಾಗಿ ಎರಡು ಹಂತ ದಾಟಿಯೂ ಉಳಿಯುವ ಕೊಳೆ, ರೋಗಾಣು ತೆಗೆಯುವ ಮೂರನೇ ಹಂತದ ಶುದ್ಧೀಕರಣ ಆಗಲೇಬೇಕು. ಖರ್ಚು ಜಾಸ್ತಿ ಅನ್ನುತ್ತಾರೆ. ಕೊಳಚೆ ಮಾಡಿದ್ದು ನಗರ, ಖರ್ಚನ್ನೂ ನಗರವೇ ಹೊರಲಿ.

ನಮ್ಮ ಕಡೆಯ ಕೆಲಸವೂ ಇದೆ. ಅಂತರ್ಜಲ ಕಾಯ್ದೆ 2011ರಿಂದ ಇದೆ, ಬೋರ್‌ವೆಲ್ ಕೊರೆಯಲು ಅನುಮತಿ ಬೇಕು. ಆದರೂ ರಾತ್ರಿ ಹೊತ್ತು ಕೊರೆಯುವ ಲಾರಿಗಳ ಸದ್ದು ನಿಂತಿಲ್ಲ. ಕೆರೆ ನೀರಿನ ಲ್ಯಾಬ್ ವರದಿಯನ್ನು ಪ್ರತಿ ತಿಂಗಳು ಪಂಚಾಯ್ತಿ ಗೋಡೆಗೆ ಅಂಟಿಸಿ ಅಂತ ಮುಂದಿನ ಗ್ರಾಮಸಭೆಯಲ್ಲಿ ಕೇಳುತ್ತೇನೆ. ನೀವೂ ನಿಮ್ಮೂರಲ್ಲಿ ಕೇಳಿ.