ಮಡಚುವ ಸೈಕಲ್: ಓಡಿಸುವ ಮೊದಲು ಎತ್ತಿ ನೋಡಿ

ತುಮಕೂರಿನ ಒಂದು ಸೈಕಲ್ ಡೀಲರ್ ಹತ್ತಿರ ನನ್ನ ಕೆಲಸ. ಹೊಸ ಮಾಡೆಲ್ ಬಂದರೆ ಸ್ಯಾಂಪಲ್ ಬಿಚ್ಚಿ ಜೋಡಿಸಿ, ಓಡಿಸಿ, ತರಿಸೋಣವೋ ಬೇಡವೋ ಅಂತ ಮಾಲೀಕರಿಗೆ ಹೇಳಬೇಕು. ಈಚೆಗೆ ಮಡಚುವ ಸೈಕಲ್‌ಗಳೇ ಜಾಸ್ತಿ ಬರುತ್ತಿವೆ. ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ವಾಪಸ್ ಬರುವವರು ಈ ಊರಲ್ಲಿ ಕಡಿಮೆಯೇನಿಲ್ಲ. ಯಶವಂತಪುರದಲ್ಲಿ ಇಳಿದು ಆಟೊದವರ ಜೊತೆ ಚೌಕಾಸಿ ಮಾಡಿ ಸಾಕಾದವರು ಅಂಗಡಿಗೆ ಬಂದು ಇದನ್ನೇ ಕೇಳುತ್ತಾರೆ.

ಕಂಪನಿಯವರು ಮೊದಲು ತೋರಿಸುವುದು ಎಷ್ಟು ಸೆಕೆಂಡಿನಲ್ಲಿ ಮಡಚಬಹುದು ಅನ್ನುವುದನ್ನು. ನಾನು ಅದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ಹತ್ತು ಸೆಕೆಂಡಾದರೇನು, ಮೂವತ್ತಾದರೇನು, ರೈಲು ಹೇಗೂ ಲೇಟು. ಮಡಚಿದ ಮೇಲೆ ಅದು 12-13 ಕೆಜಿ ಲಗೇಜು, ಅಷ್ಟೇ. ಓಡಿಸುವುದು ಹತ್ತು ಹದಿನೈದು ನಿಮಿಷ. ಹೊತ್ತುಕೊಂಡು, ತಳ್ಳಿಕೊಂಡು, ಕಾಲ ಪಕ್ಕ ನಿಲ್ಲಿಸಿಕೊಂಡು ಕಾಯುವುದು ಒಂದು ಗಂಟೆಗೂ ಮೇಲೆ. ಹಾಗಾಗಿ ನಾನು ನೋಡುವುದು ಮಡಚಿದ ಸೈಕಲನ್ನೇ.

ಮೊದಲು ಸ್ಟೇಷನ್ನಿನ ಮೇಲ್ಸೇತುವೆ. ಒಂದು ಹೆಗಲಿಗೆ ಬ್ಯಾಗು, ಇನ್ನೊಂದು ಕೈಯಲ್ಲಿ ಸೈಕಲ್. ತೂಕಕ್ಕಿಂತ ಕೈ ಎಲ್ಲಿ ಹಿಡಿಯುತ್ತದೆ ಅನ್ನುವುದು ಮುಖ್ಯ. ಹಿಡಿಯುವ ಜಾಗ ನಟ್ಟನಡುವೆ ಇದ್ದರೆ 13 ಕೆಜಿಯೂ ಹೋಗುತ್ತದೆ. ಒಂದು ಕಡೆ ವಾಲಿದರೆ ಪೆಡಲ್ ಪ್ರತಿ ಮೆಟ್ಟಿಲಿಗೂ ಮೊಣಕಾಲಿಗೆ ಬಡಿಯುತ್ತದೆ.

ಒಂದು ಸ್ಯಾಂಪಲ್ ಅಂಗಡಿಯಲ್ಲಿ ಚೆನ್ನಾಗಿ ಮಡಚಿಕೊಳ್ಳುತ್ತಿತ್ತು. ಎರಡು ಚಕ್ರಗಳನ್ನು ಹಿಡಿದಿಡಲು ಒಂದು ಮ್ಯಾಗ್ನೆಟ್. ಮೆಮು ರೈಲಿನಲ್ಲಿ ಬಾಗಿಲ ಹತ್ತಿರ ನಿಲ್ಲಿಸಿಕೊಂಡಿದ್ದೆ. ಹಿರೇಹಳ್ಳಿ ದಾಟುವಾಗ ಬೋಗಿ ಒಮ್ಮೆ ಜಗ್ಗಿತು ನೋಡಿ, ಮ್ಯಾಗ್ನೆಟ್ ಬಿಟ್ಟುಕೊಂಡು ಸೈಕಲ್ ಬಾಯಿ ತೆರೆಯಿತು. ಚೈನು ಹೊರಗಡೆ. ಪಕ್ಕದಲ್ಲಿದ್ದ ಅಕ್ಕನ ಸೀರೆ ಅಂಚಿಗೆ ಗ್ರೀಸ್. "ಏನ್ ಸಾರ್, ನಿಲ್ಲೋಕೇ ಜಾಗ ಇಲ್ಲ, ಇದನ್ನ ಬೇರೆ ತಂದಿದೀರಾ" ಅಂದರು. ಅವರ ಮಾತಿನಲ್ಲಿ ತಪ್ಪೇನಿದೆ? ಆ ಮಾಡೆಲ್ ತರಿಸಲಿಲ್ಲ.

ಈ ವಿಷಯದಲ್ಲಿ ಬ್ರಾಂಪ್ಟನ್ ಅನ್ನುವ ಇಂಗ್ಲೆಂಡಿನ ಮಡಚುವ ಸೈಕಲ್‌ಗೆ ಕೈಮುಗಿಯಬೇಕು. 1970ರ ದಶಕದಲ್ಲಿ ಲಂಡನ್ನಿನಲ್ಲಿ ಆಂಡ್ರ್ಯೂ ರಿಚಿ ಮಾಡಿದ ವಿನ್ಯಾಸ. ಹಿಂದಿನ ಚಕ್ರ ಕೆಳಗೆ ಮಗುಚಿಕೊಳ್ಳುತ್ತದೆ, ಚೈನು ಎರಡು ಚಕ್ರಗಳ ನಡುವೆ ಅಡಗುತ್ತದೆ, ಮಡಚಿದ್ದು ತಾನೇ ನಿಲ್ಲುತ್ತದೆ. ಆದರೆ ಬೆಲೆ ಲಕ್ಷ ದಾಟುತ್ತದೆ. ನಮ್ಮ ಗಿರಾಕಿಗಳಿಗೆ ಅದು ಆಗದ ಮಾತು.

ಇನ್ನು ಚಕ್ರದ ಸೈಜು. ನಿಜವಾದ ತಲೆನೋವು ಇಲ್ಲಿದೆ. 20 ಇಂಚಿನ ಚಕ್ರ ಅಂದರೆ ಸಾಮಾನ್ಯವಾಗಿ 406 ಮಿ.ಮೀ. ರಿಮ್, ಹುಡುಗರ ಬಿಎಂಎಕ್ಸ್ ಸೈಕಲ್‌ಗೆ ಬರುವುದೂ ಇದೇ. ಟ್ಯೂಬು, ಟೈರು ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. 16 ಇಂಚಿನಲ್ಲಿ ಹಾಗಲ್ಲ. 305 ರಿಮ್ಮಿಗೂ 16 ಅಂತಾರೆ, 349ಕ್ಕೂ 16 ಅಂತಾರೆ. ಒಂದರ ಟೈರು ಇನ್ನೊಂದಕ್ಕೆ ಕೂರುವುದಿಲ್ಲ. ನಮ್ಮ ಪಂಕ್ಚರ್ ಅಂಗಡಿಯ ಅಣ್ಣನಿಗೆ 349ರ ಟೈರು ತೋರಿಸಿದರೆ, "ಇದು ಹರಿದ್ರೆ ಎಲ್ಲಿ ತರ್ತೀಯಪ್ಪ?" ಅಂದರು. ನಾನು ಈಗ ಟೈರಿನ ಪಕ್ಕ ಬರೆದಿರುವ ಈ ಮೂರಂಕಿ ನೋಡದೆ ಮುಂದಿನ ಮಾತೇ ಆಡುವುದಿಲ್ಲ.

ಹಾಗಾದರೆ 20 ಇಂಚೇ ವಾಸಿ ಅಲ್ವಾ? ರಸ್ತೆಯ ಗುಂಡಿ, ಹಂಪ್‌ಗಳಿಗೂ ಅದೇ ಒಳ್ಳೆಯದು, ಚಕ್ರ ಚಿಕ್ಕದಾದಷ್ಟೂ ಗುಂಡಿಯಲ್ಲಿ ಆಳಕ್ಕೆ ಇಳಿಯುತ್ತದೆ. ಆದರೆ ರೈಲಿಳಿದು ಮೆಟ್ರೊ ಹತ್ತುವವರ ಕಥೆ ಬೇರೆ. ನಮ್ಮ ಮೆಟ್ರೊದಲ್ಲಿ ಲಗೇಜಿನ ಅಳತೆ 60×45×25 ಸೆಂ.ಮೀ., ತೂಕ 15 ಕೆಜಿ ಅಂತ ಮಿತಿ ಇದೆ. 20 ಇಂಚಿನ ಚಕ್ರ ಟೈರು ಸೇರಿ ಒಂದೇ 50 ಸೆಂ.ಮೀ. ಹತ್ತಿರ ಬರುತ್ತದೆ. ಎಷ್ಟು ಮಡಚಿದರೂ 45ರೊಳಗೆ ಹೇಗೆ ಕೂರಬೇಕು? ಅಷ್ಟೇಕೆ, ಬ್ರಾಂಪ್ಟನ್ ಕೂಡ ಸುಮಾರು 64×58×27. ಕಾವಲಿನವರು ಟೇಪು ಹಿಡಿದು ಅಳೆಯದಿರಬಹುದು. ಆದರೂ ಗಿರಾಕಿಗೆ ಇದನ್ನು ಮೊದಲೇ ಹೇಳಿಬಿಡುತ್ತೇನೆ. ದುಡ್ಡು ಕೊಟ್ಟು ಹೋಗಿ ಗೇಟಿನಲ್ಲಿ ಜಗಳ ಆಡಿದರೆ ನಾಳೆ ನಮ್ಮ ಅಂಗಡಿಗೇ ಬರುತ್ತಾರೆ. ಗೋಡೌನ್ ನೆಲದ ಮೇಲೆ ಆ ಅಳತೆಯ ಚೌಕ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದೇನೆ. ಹೊಸ ಮಾಡೆಲ್ ಮೊದಲು ಅದರ ಮೇಲೆ ಕೂರಬೇಕು.

ಚಿಕ್ಕ ಚಕ್ರ ನಿಧಾನ ಅನ್ನುವುದು ಮಾತ್ರ ಸುಮ್ನೆ ಮಾತು. ಚೈನು ಕೂರುವ ಹಲ್ಲುಚಕ್ರಕ್ಕೆ ಮುಂದೆ 52 ಹಲ್ಲು, ಹಿಂದೆ 14 ಹಲ್ಲು ಇದ್ದರೆ 20 ಇಂಚಿನ ಸೈಕಲ್ ಪೆಡಲಿನ ಒಂದು ಸುತ್ತಿಗೆ ಐದೂವರೆ ಮೀಟರಿಗಿಂತ ಜಾಸ್ತಿ ಹೋಗುತ್ತದೆ. ದೊಡ್ಡ ಸೈಕಲ್ಲೂ ಹೆಚ್ಚುಕಮ್ಮಿ ಅಷ್ಟೇ.

ಕೊನೆಗೆ ಮಡಚುವ ಕೀಲು. ಮುಂದಿನ ಬ್ರೇಕ್ ಒತ್ತಿ ಹಿಡಿದು ಸೈಕಲನ್ನು ಹಿಂದೆ ಮುಂದೆ ಅಲ್ಲಾಡಿಸಿ, ಇನ್ನೊಂದು ಕೈಯ ಬೆರಳನ್ನು ಕೀಲಿನ ಸಂದಿನ ಮೇಲಿಡಿ. ಕೀಲು ಸಡಿಲ ಇದ್ದರೆ ಬೆರಳಿಗೆ ಕಟಕಟ ಅಂತ ಗೊತ್ತಾಗುತ್ತದೆ. ಲಾಕ್ ಬಿಗಿ ಮಾಡುವ ಬೋಲ್ಟಿಗೆ ಮಾಮೂಲಿ ಸ್ಪ್ಯಾನರ್ ಹಿಡಿಯಬೇಕು. ಕಂಪನಿಯದ್ದೇ ಟೂಲ್ ಬೇಕು ಅಂದರೆ ಅಲ್ಲಿಗೆ ಮುಗಿಯಿತು.

ಅಂತರಸನಹಳ್ಳಿ ಕಡೆ ಫ್ಯಾಕ್ಟರಿಗೆ ಹೋಗುವವರು ಬಂದು ಮಡಚುವುದೇ ಬೇಕು ಅಂದರೆ, ಎಲ್ಲಿ ಮಡಚುತ್ತೀರಿ ಅಂತ ಕೇಳುತ್ತೇನೆ. ಮನೆಯಿಂದ ಗೇಟಿನವರೆಗೆ ನೇರ ರಸ್ತೆ, ಒಳಗೆ ಸ್ಟ್ಯಾಂಡು ಇದೆ. ಅಂಥವರಿಗೆ ಮಾಮೂಲಿ ಸೈಕಲ್ ತೋರಿಸುತ್ತೇನೆ. ಮಾಲೀಕರಿಗೆ ಇದು ಅಷ್ಟಾಗಿ ಹಿಡಿಸುವುದಿಲ್ಲ, ಮಡಚುವುದರಲ್ಲಿ ಲಾಭ ಜಾಸ್ತಿ ನೋಡಿ.