ತೋಟದ ಮದ್ದು, ವಾರ್ಡಿನ ಮದ್ದು

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡಿಕೆ ತೋಟಗಳಿಗೆ ಎಲೆಚುಕ್ಕೆ ರೋಗ ಹೊಕ್ಕ ಮೇಲೆ ಪ್ರೊಪಿಕೊನಜೋಲ್, ಟೆಬುಕೊನಜೋಲ್ ಎಂಬ ಹೆಸರುಗಳು ಎಲ್ಲರಿಗೂ ಬಾಯಿಪಾಠ. ರಕ್ತದ ಕ್ಯಾನ್ಸರಿಗೆ ಕೀಮೋ ಆಗುತ್ತಿರುವವರ ಚೀಟಿಯಲ್ಲಿ ಶಿಲೀಂಧ್ರ ಸೋಂಕಿನ ಮದ್ದಾದ ವೊರಿಕೊನಜೋಲ್ ಅಥವಾ ಪೊಸಕೊನಜೋಲ್ ಇರುತ್ತದೆ. ಹೆಸರಿನ ಬಾಲ ಸುಮ್ಮನೆ ಹೊಂದಿದ್ದಲ್ಲ, ಇವೆಲ್ಲ ಅಜೋಲ್ ಎಂಬ ಒಂದೇ ಕುಟುಂಬ. ಶಿಲೀಂಧ್ರದ ಪೊರೆಗೆ ಬೇಕಾದ ಎರ್ಗೋಸ್ಟೆರಾಲ್ ತಯಾರಿಸುವ ಕಿಣ್ವಕ್ಕೇ ಎಲ್ಲವೂ ಅಡ್ಡ ಕೂರುತ್ತವೆ.

ಆಸ್ಪರ್ಜಿಲಸ್ ಫ್ಯುಮಿಗೇಟಸ್ ಎಂಬ ಬೂಷ್ಟು ಹಟ್ಟಿಗೊಬ್ಬರದಲ್ಲಿ, ಕೊಳೆತ ಸೋಗೆಯಲ್ಲಿ, ಒದ್ದೆ ಬೈಹುಲ್ಲಿನಲ್ಲಿ ಬೆಳೆಯುತ್ತದೆ. ಮದ್ದು ಸಿಂಪಡಿಸಿದಲ್ಲಿ ಸಾಯದೆ ಉಳಿದ ತಳಿಯೇ ಹಬ್ಬುತ್ತದೆ. ಟಿಆರ್34/ಎಲ್98ಎಚ್ ಎಂಬ ಜೀನ್ ಮಾರ್ಪಾಡಿರುವ ಇಂಥ ತಳಿ ಭಾರತದ ಪರಿಸರದಲ್ಲೂ ಇದೆಯೆಂದು ದೆಹಲಿಯ ಸಂಶೋಧಕರು 2012ರಲ್ಲಿ ಪ್ರಕಟಿಸಿದರು. ಅಂದರೆ ಜನ್ಮದಲ್ಲಿ ವೊರಿಕೊನಜೋಲ್ ಮುಟ್ಟದ ರೋಗಿಗೂ ಅದಕ್ಕೆ ಬಗ್ಗದ ಸೋಂಕು ತಗಲಬಹುದು. ಬೀಜಕ 2–3 ಮೈಕ್ರಾನ್, ಉಸಿರಿನೊಂದಿಗೆ ಶ್ವಾಸಕೋಶದ ತಳಕ್ಕೇ ಇಳಿಯುತ್ತದೆ. ಸೋಂಕನ್ನು ಎದುರಿಸುವ ಬಿಳಿ ರಕ್ತಕಣ ನ್ಯೂಟ್ರೋಫಿಲ್ 500ಕ್ಕಿಂತ ಕೆಳಗೆ ಹತ್ತು ದಿನ ದಾಟಿದರೆ ತಡೆಯುವವರಿಲ್ಲ.

ಎಲೆಚುಕ್ಕೆಗೆ ಮದ್ದು ಸಿಂಪಡಿಸಬೇಡಿ ಎನ್ನಲಾಗದು. ಆದರೆ ಕೊಳೆರೋಗಕ್ಕೂ ಅದನ್ನೇ ಸಿಂಪಡಿಸುವುದು ಶುದ್ಧ ನಷ್ಟ. ಕೊಳೆರೋಗ ತರುವ ಫೈಟೋಫ್ತೊರಾ ತಾನಾಗಿ ಎರ್ಗೋಸ್ಟೆರಾಲ್ ತಯಾರಿಸುವುದೇ ಇಲ್ಲ, ಅದಕ್ಕೆ ಅಜೋಲ್ ನಾಟದು. ಅಲ್ಲಿ ಹಳೆಯ ಬೋರ್ಡೋವೇ ಸರಿ: ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್.

ಇನ್ನು ವಾರ್ಡಿನ ವಿಷಯ. ಮದ್ದು ಹಿಡಿಯಲಿಲ್ಲ ಎಂದಾಕ್ಷಣ ಮದ್ದಿಗೆ ಬೂಷ್ಟಿನ ಪ್ರತಿರೋಧವೇ ಎಂದುಕೊಳ್ಳಬಾರದು. ಹಲವು ಸಲ ರಕ್ತದಲ್ಲಿ ಮದ್ದೇ ಸಾಲದಿರುತ್ತದೆ. ವೊರಿಕೊನಜೋಲ್ ಮಾತ್ರೆಗೂ ಊಟಕ್ಕೂ ಒಂದು ಗಂಟೆ ಅಂತರ ಬೇಕು. ಪೊಸಕೊನಜೋಲ್ ಮಾತ್ರೆಯನ್ನು ಊಟದೊಂದಿಗೆ ತೆಗೆದುಕೊಳ್ಳುವುದು ಒಳ್ಳೆಯದು. ಮನೆಯಲ್ಲಿ ಇವೆರಡು ಅದಲುಬದಲಾಗುವುದೇ ಹೆಚ್ಚು. ಕೆಲವರ ಯಕೃತ್ತು ವೊರಿಕೊನಜೋಲನ್ನು ಬೇಗ ಕರಗಿಸಿಬಿಡುತ್ತದೆ. ಐದನೇ ದಿನದ ಸುಮಾರಿಗೆ, ಮುಂದಿನ ಡೋಸಿಗೆ ಮೊದಲು ರಕ್ತ ತೆಗೆದು ಮಟ್ಟ ನೋಡಿಸಬೇಕು. ಲೀಟರಿಗೆ 1ರಿಂದ 5.5 ಮಿಲಿಗ್ರಾಂ ಒಳಗಿರಬೇಕು. ಮಟ್ಟ ಸರಿಯಿದ್ದೂ ಸಿಟಿ ಸ್ಕ್ಯಾನಿನಲ್ಲಿ ಶ್ವಾಸಕೋಶದ ಗಂಟು ಬೆಳೆಯುತ್ತಿದ್ದರೆ ಶ್ವಾಸನಾಳ ತೊಳೆದ ನೀರಿನ ಕಲ್ಚರ್ ಮಾಡಿಸಿ, ಬೆಳೆದ ಬೂಷ್ಟಿಗೆ ಯಾವ ಮದ್ದು ನಾಟುತ್ತದೆಂದು ಪರೀಕ್ಷಿಸಲು ಕೇಳಿ. ಪ್ರತಿರೋಧ ಖಚಿತವಾದರೆ ಸಾಮಾನ್ಯವಾಗಿ ಲೈಪೊಸೋಮಲ್ ಆಂಫೊಟೆರಿಸಿನ್, ದಿನಕ್ಕೆ ಕಿಲೋ ತೂಕಕ್ಕೆ 3 ಮಿಲಿಗ್ರಾಂ. ಆಗ ಪೊಟ್ಯಾಸಿಯಂ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಮೇಲೆ ಕಣ್ಣಿರಬೇಕು. ಮ್ಯುಕರ್ ಎಂಬ ಬೇರೆ ಬೂಷ್ಟಿನ ಸೋಂಕಾಗಿದ್ದರೆ ಕಥೆ ಬೇರೆ, ಅದಕ್ಕೆ ವೊರಿಕೊನಜೋಲ್ ಮೊದಲಿನಿಂದಲೂ ನಾಟುವುದಿಲ್ಲ.

ಲ್ಯುಕೇಮಿಯಾಕ್ಕೆ (ರಕ್ತದ ಕ್ಯಾನ್ಸರಿಗೆ) ವಿನ್‌ಕ್ರಿಸ್ಟಿನ್ ಎಂಬ ಕೀಮೋ ಮದ್ದು ಆಗುತ್ತಿದ್ದರೆ ಅಜೋಲ್ ಇದೆಯೆಂದು ಕೀಮೋಗೆ ಮೊದಲೇ ಹೇಳಲೇಬೇಕು. ಎರಡೂ ಸೇರಿದರೆ ವಿನ್‌ಕ್ರಿಸ್ಟಿನ್ ದೇಹದಲ್ಲಿ ಉಳಿದು ಕೈಕಾಲು ಜೋಮು, ಕರುಳು ಸ್ತಬ್ಧ.

ಮನೆಗೆ ಬಂದವರು ಹಟ್ಟಿ, ಗೊಬ್ಬರಗುಂಡಿ, ಅಡಿಕೆ ಸುಲಿಯುವ ಚಾವಡಿಯಿಂದ ದೂರವಿರಲಿ. ಅಂಗಳದಲ್ಲಿ ಬೂಷ್ಟು ಹಿಡಿದ ಅಡಿಕೆ ಕೊಡಹುವಾಗ ಒಳಗಿದ್ದು ಬಾಗಿಲು ಹಾಕಿಕೊಳ್ಳಲಿ. ಹೊರಹೋಗಲೇಬೇಕಾದರೆ ಎನ್95, ಬಟ್ಟೆಯ ಮಾಸ್ಕ್ ಸಾಲದು. ಜ್ವರ 101 ಫ್ಯಾರನ್‌ಹೀಟ್ ಮುಟ್ಟಿದರೆ ಪ್ಯಾರಸಿಟಮಾಲ್ ನುಂಗಿ ಬೆಳಗಿನವರೆಗೆ ಕಾಯದೆ ರಾತ್ರಿಯೇ ಹೊರಡಿ. ಮಂಗಳೂರಿನಲ್ಲಿ ಶುರುಮಾಡಿ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೆ ಹೋಗುವವರು ಡಿಸ್ಚಾರ್ಜ್ ಚೀಟಿಯೊಂದನ್ನೇ ಒಯ್ಯದೆ, ಕಲ್ಚರ್ ವರದಿ, ಮದ್ದಿನ ಮಟ್ಟದ ವರದಿ, ಸಿಟಿಯ ಸಿಡಿ ಮೂರನ್ನೂ ಚೀಲಕ್ಕೆ ಹಾಕಿಕೊಳ್ಳಿ.